ತಾಳಮದ್ದಲೆಯ ಧ್ವನಿಮುದ್ರಣಕ್ಕೆ ಸ್ಟುಡಿಯೋ ಬೇಕೇ?

ಪ್ರಶ್ನೆ: ಶಿರಸಿಯ ಹವ್ಯಾಸಿ

ಶಿರಸಿ ಸುತ್ತಲಿನ ಹಳ್ಳಿಗಳ ಕೆಲವು ಹವ್ಯಾಸಿಗಳು ಸೇರಿ ತಾಳಮದ್ದಲೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನದ, ಕೂಟವೊಂದನ್ನು ನಡೆಸಿಕೊಂಡು ಬಂದಿದ್ದೇವೆ. ಪದ್ಯ ಹಾಡುವ ನಮ್ಮ ಹಿರಿಯ ಭಾಗವತರ ಕಂಠ ಗಟ್ಟಿಯಾಗಿರುವಾಗಲೇ ಒಂದು ಇಡೀ ಪ್ರಸಂಗವನ್ನು ಒಳ್ಳೆಯ ಗುಣಮಟ್ಟದಲ್ಲಿ ಮುದ್ರಿಸಿಡಬೇಕೆಂಬುದು ಎಲ್ಲರ ಅಪೇಕ್ಷೆ. ಹಿಂದೊಮ್ಮೆ ನಗರದ ಸ್ಟುಡಿಯೋ ಒಂದಕ್ಕೆ ಹೋಗಿದ್ದೆವು. ಅಲ್ಲಿ ಭಾಗವತರೊಬ್ಬರನ್ನೇ ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಯಂತ್ರದ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ಪದ್ಯ ಹೇಳಬೇಕೆಂದರು. ಮದ್ದಲೆ, ಚಂಡೆಗಳನ್ನು ಆಮೇಲೆ ಸೇರಿಸಿದರು. ಸ್ವರ ಬಹಳ ಸ್ವಚ್ಛವಾಗಿ ಬಂತು, ಆದರೆ ಆವೇಶದಿಂದ ಏರುದನಿಯಲ್ಲಿ ಹೇಳಬೇಕಾದ ಏರುಪದ್ಯ ಏರಲೇ ಇಲ್ಲ. ಸಿನಿಮಾ ಹಾಡಿಗೆ ಸ್ಟುಡಿಯೋ ಅನಿವಾರ್ಯವೆಂಬುದನ್ನು ಒಪ್ಪುತ್ತೇನೆ. ನಮ್ಮಂಥ ಕಲೆಗೆ ಅದರಿಂದ ನಿಜವಾಗಿ ಸಿಗುವುದೇನು? ಊರಿನ ಹಂಚಿನ ಮನೆಯ ಜಗಲಿಯಲ್ಲಿಯೇ ಮುದ್ರಿಸಿದರೆ ಆಗುವ ನಷ್ಟವೇನು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಕುಮಟಾದ ಧ್ವನಿಗ್ರಾಹಕ

ತಾವು ಹೇಳಿದ ತೊಂದರೆ ಸ್ಟುಡಿಯೋದ್ದಲ್ಲ, ಅಲ್ಲಿ ಅನುಸರಿಸಿದ ಕ್ರಮದ್ದು ಎಂದು ನನಗೆ ಅನಿಸುತ್ತದೆ. ಒಬ್ಬೊಬ್ಬರನ್ನೇ ಬೇರೆಯಾಗಿ ಮುದ್ರಿಸುವ ಪದ್ಧತಿ ಬೆಳೆದದ್ದು ಸಿನಿಮಾ ಮತ್ತು ಪಾಪ್ ಸಂಗೀತದ ಅಗತ್ಯಕ್ಕೆ. ಗಾಯಕರು ಒಂದು ಊರಿನಲ್ಲಿ, ವಾದಕರು ಇನ್ನೊಂದು ಊರಿನಲ್ಲಿ ಇರಬಹುದು. ತಪ್ಪಿದ ಒಂದೇ ಸಾಲನ್ನು ಮತ್ತೆ ಹಾಡಿಸಬೇಕಾಗಬಹುದು. ಹಾಡಿನ ಲಯ ಚಿತ್ರದ ಸಂಕಲನಕ್ಕೆ ಹೊಂದಬೇಕು. ಅದಕ್ಕಾಗಿ ಆ ಟಿಕ್ ಟಿಕ್. ಕನ್ನಡದ ಹಾಡುಗಳು ಬಹುಪಾಲು ಮದರಾಸಿನಲ್ಲಿ ಮುದ್ರಣವಾಗುತ್ತಿದ್ದ ಕಾಲದಲ್ಲಿ ಸಿನಿಮಾದವರೂ ಹೀಗೆ ಮಾಡುತ್ತಿರಲಿಲ್ಲ. ಇಡೀ ವಾದ್ಯವೃಂದ ಮತ್ತು ಗಾಯಕರು ಒಟ್ಟಿಗೆ ಕುಳಿತು ಒಂದೇ ಟೇಕಿನಲ್ಲಿ ಮುಗಿಸಬೇಕಿತ್ತು, ಯಾರೊಬ್ಬರು ತಪ್ಪಿದರೂ ಮೊದಲಿನಿಂದ ಆರಂಭ.

ಯಕ್ಷಗಾನದಲ್ಲಿ ಕಾಲದ ಹಿಡಿತವಿರುವುದು ಭಾಗವತರ ಕೈಯ ತಾಳದಲ್ಲಿ. ಮದ್ದಲೆಗಾರ ಅವರ ಮುಖ ನೋಡಿಯೇ ಮುಂದಿನ ಪೆಟ್ಟನ್ನು ಊಹಿಸುತ್ತಾನೆ, ಅವನು ತುಂಬಿಕೊಟ್ಟ ನುಡಿತ ಕೇಳಿ ಭಾಗವತರು ಮತ್ತೊಂದು ಆವರ್ತ ಎಳೆಯುತ್ತಾರೆ. ಈ ಕೊಡುಕೊಳ್ಳುವಿಕೆಯನ್ನು ಗಾಜಿನ ಗೋಡೆಯಿಂದ ತುಂಡು ಮಾಡಿದ ಮೇಲೆ ಏರುಪದ್ಯ ಏರುವುದಾದರೂ ಹೇಗೆ? ಆದ್ದರಿಂದ ಎಲ್ಲರನ್ನೂ ಒಂದೇ ಕೋಣೆಯಲ್ಲಿ, ಒಬ್ಬರಿಗೊಬ್ಬರು ಕಾಣುವಂತೆ ಕೂರಿಸಿ. ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ನುಸುಳುವುದು ಖಂಡಿತ; ಅದನ್ನು ಪೂರ್ತಿ ತಡೆಯುವ ಗೋಜಿಗೆ ಹೋಗದೆ ಹದದಲ್ಲಿ ಇಟ್ಟುಕೊಂಡರೆ ಸಾಕು. ಮುಂಭಾಗದ ಸದ್ದನ್ನು ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕು ಬಳಸಿ, ಅದರ ಬೆನ್ನು ಚಂಡೆಯ ಕಡೆಗೆ ಬರುವಂತೆ ತಿರುಗಿಸಿ. ಭಾಗವತರ ಬಾಯಿಗೂ ಅವರ ಮೈಕಿಗೂ ಒಂದು ಅಡಿ ಅಂತರವಿದ್ದರೆ, ಪಕ್ಕದ ಮೈಕು ಅವರ ಮೈಕಿನಿಂದ ಕನಿಷ್ಠ ಮೂರು ಅಡಿ ದೂರವಿರಲಿ. ಚಂಡೆ ಎಂಟು ಹತ್ತು ಅಡಿ ಆಚೆಗಿರಲಿ, ಆದರೆ ಮೂಲೆಗೆ ಒತ್ತಿ ಇಡಬೇಡಿ, ಮೂಲೆಯಲ್ಲಿ ತಗ್ಗು ಸ್ವರಗಳು ಊದಿಕೊಳ್ಳುತ್ತವೆ. ರೆಕಾರ್ಡರಿನ ಗುಣಮಟ್ಟವನ್ನು 24 ಬಿಟ್, 48 ಕಿಲೋಹರ್ಟ್ಸಿಗೆ ಇಟ್ಟು ಮುದ್ರಿಸಿ. ಜೋರಾದ ಪೆಟ್ಟು ಕೂಡ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ, ಏಕೆಂದರೆ ಯುದ್ಧದ ಪದ್ಯಕ್ಕೆ ಚಂಡೆಯವರು ಪರೀಕ್ಷೆಯ ಹೊತ್ತಿನಲ್ಲಿ ಬಾರಿಸಿದಷ್ಟಕ್ಕೇ ನಿಲ್ಲುವುದಿಲ್ಲ.

ಇನ್ನು ಜಗಲಿಯ ವಿಚಾರ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದಿನ ಬಾಲದಲ್ಲಿ ಝಿರ್ ಎಂಬ ನಡುಕ ಕೇಳಿಸಿದರೆ ಎದುರುಬದುರು ನುಣುಪು ಗೋಡೆಗಳ ನಡುವೆ ಧ್ವನಿ ಪುಟಿಯುತ್ತಿದೆ ಎಂದರ್ಥ. ಒಂದು ಗೋಡೆಗೆ ದಪ್ಪ ಕಂಬಳಿಗಳನ್ನು ಇಳಿಬಿಡಬೇಕು. ತಾರಸಿ ಮನೆಯ ಹಾಲಿಗಿಂತ ಇಳಿಜಾರು ಮಾಡಿನ, ಮರದ ತೊಲೆಗಳ ಹಳೆಯ ಮನೆ ಇದಕ್ಕೆ ಎಷ್ಟೋ ಮೇಲು. ಚರ್ಮವಾದ್ಯಗಳಿಗೂ ಅಲ್ಲಿನ ಹವೆಯೇ ಒಗ್ಗುತ್ತದೆ. ಎ.ಸಿ. ಕೋಣೆಗೆ ಕಾಲಿಟ್ಟ ಕೂಡಲೇ ಶ್ರುತಿ ಮಾಡಿದ ಮದ್ದಲೆ ಸ್ವಲ್ಪ ಹೊತ್ತಿನಲ್ಲಿ ಒಣಗಿ, ಬಿಗಿದು, ಮೇಲೇರಿ ಕೂರುತ್ತದೆ. ಹಾಗಾದರೆ ಸ್ಟುಡಿಯೋ ಕೊಡುವುದೇನೆಂದರೆ ನಿಶ್ಶಬ್ದ, ಮತ್ತು ಕೂಟಕ್ಕೆ ಸೇರದ ಒಂದು ಕಿವಿ. ನಿಶ್ಶಬ್ದವನ್ನು ಊರಿನಲ್ಲಿ ಹೇಗಾದರೂ ಹೊಂದಿಸಿಕೊಳ್ಳಬಹುದು. ಎರಡನೆಯದಕ್ಕೆ, ಅಂದರೆ ‘ಈ ಪದ್ಯ ಇನ್ನೊಮ್ಮೆ ಆಗಲಿ’ ಎಂದು ದಾಕ್ಷಿಣ್ಯವಿಲ್ಲದೆ ಹೇಳುವವರಿಗೆ, ಹಣ ಕೊಟ್ಟರೂ ಅಡ್ಡಿಯಿಲ್ಲ.

ಉತ್ತರ: ಹೊನ್ನಾವರದ ಕುಣಿತದ ಶಿಕ್ಷಕಿ

ನಾನು ಯಕ್ಷಗಾನದ ಬಡಗಣ ಶೈಲಿಯಾದ ಬಡಗುತಿಟ್ಟಿನ ಹೆಜ್ಜೆ ಕಲಿಸುವವಳು. ನೃತ್ಯದವರ ಸ್ಟುಡಿಯೋ ಎಂದರೆ ನೆಲ ಮತ್ತು ಕನ್ನಡಿ. ನೆಲದ ಬಗ್ಗೆ ತಕರಾರಿಲ್ಲ: ಕಾಂಕ್ರೀಟಿಗೆ ನೇರವಾಗಿ ಅಂಟಿಸಿದ ಟೈಲ್ಸಿನ ಮೇಲೆ ಮಕ್ಕಳಿಂದ ಮಂಡಿಕುಣಿತ ಮಾಡಿಸುವುದು ಮೊಣಕಾಲಿಗೆ ಮಾಡುವ ಅನ್ಯಾಯ, ಕೆಳಗೆ ಟೊಳ್ಳು ಬಿಟ್ಟ ಮರದ ಹಾಸು ಇದ್ದರೆ ನನಗೂ ಬೇಕು. ಕನ್ನಡಿಯ ಬಗ್ಗೆ ಮಾತ್ರ ಅನುಮಾನವಿದೆ. ಕನ್ನಡಿ ನೋಡಿ ಕಲಿತವರು ರಂಗಸ್ಥಳಕ್ಕೆ ಬಂದಾಗ ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ತಡಕಾಡುತ್ತಾರೆ.

ಧ್ವನಿಮುದ್ರಣಕ್ಕೂ ಇದು ಅನ್ವಯಿಸುತ್ತದೆಂದು ಬರೆಯುತ್ತಿದ್ದೇನೆ. ತಾವು ಮುದ್ರಿಸಿದ ಪದ್ಯಗಳು ನಾಳೆ ಯಾವುದೋ ತರಗತಿಯಲ್ಲಿ ಪೆನ್‌ಡ್ರೈವಿನಿಂದ ಮೊಳಗುವುದು ನಿಶ್ಚಿತ. ಹಾಗೆ ಅಭ್ಯಾಸ ಮಾಡಿದ ಮಕ್ಕಳಿಗೆ ಪದ್ಯ ಎಲ್ಲಿ ಮುಗಿಯುತ್ತದೆಂಬುದು ಕಂಠಪಾಠವಾಗಿರುತ್ತದೆ. ಎದುರಿಗೆ ನಿಜವಾದ ಭಾಗವತರು ಕುಳಿತು ಒಂದು ಸಾಲನ್ನು ಹೆಚ್ಚಿಗೆ ಎತ್ತಿಕೊಟ್ಟರೆ ಕಾಲು ನಿಂತುಬಿಡುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಕಾಲದ ಕಲಾವಿದರು ಹಿಮ್ಮೇಳದ ಎದುರಿನಲ್ಲಿಯೇ ಕಲಿತವರು, ಅವರಿಗೆ ಈ ಕಷ್ಟವಿರಲಿಲ್ಲ. ಆದ್ದರಿಂದ ಸಾಧ್ಯವಾದರೆ ಒಂದೇ ಪದ್ಯವನ್ನು ಬೇರೆ ಬೇರೆ ವೇಗದಲ್ಲಿ ಮುದ್ರಿಸಿ, ಎಲ್ಲವನ್ನೂ ಉಳಿಸಿ. ಯಾವುದನ್ನೂ ‘ಸರಿಯಾದ ಪಾಠ’ ಎಂದು ಹೆಸರಿಸಬೇಡಿ.

ಉತ್ತರ: ಕಾರವಾರದಿಂದ, ಚಿತ್ರಗಳ ಧ್ವನಿ ಸಂಕಲನ ಮಾಡುವವನು

ಇಬ್ಬರೂ ಸ್ಟುಡಿಯೋವನ್ನು ಬಯಲಿನ ಆಟದ ನೆರಳೆಂಬಂತೆ ಬರೆದಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮೋಫೋನಿಗೆ ಹಾಡಿದಾಗ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಸಿಗುತ್ತಿತ್ತು. ಆ ಇಕ್ಕಟ್ಟಿನಲ್ಲಿ ರಾಗವನ್ನು ಅಡಕಗೊಳಿಸುವುದೇ ಬೇರೊಂದು ಜಾಣ್ಮೆಯಾಯಿತು. ಪಿಯಾನೋ ವಾದಕ ಗ್ಲೆನ್ ಗೌಲ್ಡ್ 1964ರಲ್ಲಿ ಕಛೇರಿಗಳನ್ನೇ ಬಿಟ್ಟು ಸ್ಟುಡಿಯೋವನ್ನೇ ತನ್ನ ವೇದಿಕೆ ಮಾಡಿಕೊಂಡ. ನಮ್ಮಲ್ಲಿ ನೋಡಿ: ಭಾಗವತ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು, ಅವರನ್ನು ರಂಗದಲ್ಲಿ ಕಾಣದ ಎಷ್ಟೋ ಜನ ಕ್ಯಾಸೆಟ್ಟು ಕೇಳಿಯೇ ಅವರ ಅಭಿಮಾನಿಗಳಾದರು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಪ್ರಸಂಗವನ್ನು ಹೊಂದಿಸಿದ್ದರಿಂದ ಕಲೆ ಕೆಟ್ಟಿತೆಂದು ಯಾರಾದರೂ ಹೇಳಿದರೆ, ಅವರ ಮನೆಯ ಕಪಾಟಿನಲ್ಲಿಯೂ ಆ ಕ್ಯಾಸೆಟ್ಟು ಇದ್ದಿರಲೇಬೇಕು. ಹೊನ್ನಾವರದ ಕಡೆಯ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಕೂಡ, ಪ್ರತಿ ಹಾಡಿಗೂ ಮದರಾಸಿನ ರೈಲು ಹತ್ತುವ ಸ್ಥಿತಿ ಬದಲಾಗಬೇಕೆಂದರೆ ಒಳ್ಳೆಯ ಮುದ್ರಣದ ಕೋಣೆ ನಮ್ಮಲ್ಲೇ ಇರಬೇಕಾಗಿದ್ದ ಕಾಲದಲ್ಲಿ.

ನನ್ನ ಕಸುಬಿನಿಂದ ಒಂದು ಮಾತು. ಇಲ್ಲಿನ ಕಡಲತೀರದಲ್ಲಿ ಚಿತ್ರೀಕರಿಸಿದ ಸಂಭಾಷಣೆಯನ್ನು ಜೋಡಿಸುವಾಗ ಶಾಟಿನಿಂದ ಶಾಟಿಗೆ ಅಲೆಯ ಮೊರೆತ ತಟ್ಟನೆ ಜಿಗಿಯುತ್ತದೆ. ಆದ್ದರಿಂದ ಮಾತಿಲ್ಲದೆ ಬರೀ ಸಮುದ್ರದ ಸದ್ದನ್ನು ಪ್ರತ್ಯೇಕವಾಗಿ ಮುದ್ರಿಸಿಕೊಂಡು, ಆ ಜೋಡಣೆಗಳ ಕೆಳಗೆ ಹಾಸುತ್ತೇವೆ. ತಾವೂ ಕೂಟ ಆರಂಭಿಸುವ ಮುನ್ನ ಎಲ್ಲರೂ ಮಾತಿಲ್ಲದೆ ಕುಳಿತಿರುವಾಗ ಬರೀ ಜಗಲಿಯ ಸದ್ದನ್ನು ಎರಡು ನಿಮಿಷ ಮುದ್ರಿಸಿಕೊಳ್ಳಿ. ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಅರ್ಥಗಾರಿಕೆಯ ನಡುವೆ ಕೆಮ್ಮನ್ನು ಕತ್ತರಿಸಿ ತೆಗೆದಾಗ ಆ ತೂತನ್ನು ಮುಚ್ಚಲು ಅದೇ ಬೇಕು.

ಮರುಪ್ರಶ್ನೆ: ಶಿರಸಿಯ ಹವ್ಯಾಸಿ

ಎಲ್ಲರಿಗೂ ವಂದನೆಗಳು. ಕಾರವಾರದವರ ವಾದ ಸರಿಯೆನಿಸಿದರೂ, ಇಡೀ ಪ್ರಸಂಗವೇ ನಮ್ಮ ಉದ್ದೇಶವಾದ್ದರಿಂದ ಜಗಲಿಯೇ ಗಟ್ಟಿ. ಉಳಿದದ್ದು ಕಾಲದ ಪ್ರಶ್ನೆ. ಮಳೆಗಾಲದಲ್ಲಿ ಕಲಾವಿದರಿಗೆಲ್ಲ ಬಿಡುವಿರುತ್ತದೆ, ಆದರೆ ಹಂಚಿನ ಮೇಲೆ ಮಳೆ ಬೀಳುವಾಗ ಮಾತೇ ಕೇಳಿಸುವುದಿಲ್ಲ. ಚಳಿಗಾಲ ಆಗಬಹುದೇ?

ಉತ್ತರ: ಕುಮಟಾದ ಧ್ವನಿಗ್ರಾಹಕ

ಚಳಿಗಾಲದಲ್ಲಿ ನಿಮ್ಮ ಕಡೆ ಅಡಿಕೆ ಸುಲಿಯುವ ಯಂತ್ರಗಳು ರಾತ್ರಿಯೂ ಓಡುತ್ತವಲ್ಲ. ಕೊಯ್ಲು ಮುಗಿದ ಮೇಲೆ, ಮಾರ್ಚಿನ ಹೊತ್ತಿಗೆ, ರಾತ್ರಿ ಹತ್ತರ ನಂತರ ಇಟ್ಟುಕೊಳ್ಳಿ. ಮೇಳದ ತಿರುಗಾಟದಲ್ಲಿರುವ ಚಂಡೆಯವರನ್ನು ಈಗಲೇ ಕೇಳಿ ದಿನ ಗೊತ್ತು ಮಾಡಿಕೊಳ್ಳಿ, ಫ್ರಿಜ್ಜಿನ ಪ್ಲಗ್ ತೆಗೆಸುವುದನ್ನು ಮನೆಯವರಿಗೆ ಮೊದಲೇ ಹೇಳಿಡಿ.