ಹವ್ಯಾಸಿ ಅಡ್ವೆಂಚರ್ ಗೇಮ್‌ಗೆ ಅಭಿಪ್ರಾಯ ಕೇಳೋದು, ಕೊಡೋದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಬಿಡುವಿನ ವೇಳೆಯಲ್ಲಿ ಅಡ್ವೆಂಚರ್ ಗೇಮ್ ಸ್ಟುಡಿಯೋ (ಎಜಿಎಸ್) ಅನ್ನುವ ತಂತ್ರಾಂಶ ಬಳಸಿ ಒಂದು ಚಿಕ್ಕ ಪಾಯಿಂಟ್ ಅಂಡ್ ಕ್ಲಿಕ್ ಆಟ, ಅಂದರೆ ಚಿತ್ರದ ಮೇಲೆ ಕ್ಲಿಕ್ ಮಾಡುತ್ತಾ ಪಜಲ್ ಬಿಡಿಸುವ ಆಟ, ಮಾಡುತ್ತಿದ್ದೇನೆ. ಮೊದಲ ಭಾಗದ ಡೆಮೊ ನಮ್ಮ ಬಳಗದವರಿಗೆ ಕೊಟ್ಟೆ. ಬಂದ ಉತ್ತರ ಹೆಚ್ಚುಕಮ್ಮಿ ಎರಡೇ ಥರ. 'ಸೂಪರ್, ಮುಂದುವರಿಸಿ' ಅಂತ ಕೆಲವರು. 'ಪಜಲ್ ಯಾಕೋ ಸರಿಯಾಗಿಲ್ಲ' ಅಂತ ಇನ್ನು ಕೆಲವರು. ಎರಡನ್ನೂ ಓದಿದ ಮೇಲೂ ನಾಳೆ ಕೂತು ಏನು ಬದಲಾಯಿಸಬೇಕು ಅಂತ ತಿಳಿಯುತ್ತಿಲ್ಲ.

ಇನ್ನೊಂದು ವಿಷಯ. ಬಳಗದ ಒಬ್ಬರು ತಮ್ಮ ಮೊದಲ ಆಟ ಕಳಿಸಿ ನನ್ನ ಅಭಿಪ್ರಾಯ ಕೇಳಿದ್ದಾರೆ. ಅವರಿಗೆ ಬೇಜಾರಾಗಬಾರದು, ಆದರೆ ಉಪಯೋಗಕ್ಕೂ ಬರಬೇಕು. ಹೇಗೆ ಬರೆಯಲಿ?

ಬೀಟಾ ಟೆಸ್ಟ್ ಮಾಡುವವರು:

ನಾನು ಆಟ ಮಾಡುವವಳಲ್ಲ, ಆಡುವವಳು. ಬೇರೆಯವರ ಆಟಗಳನ್ನು ಬಿಡುಗಡೆಗೆ ಮುಂಚೆ ಆಡಿ ವರದಿ ಬರೆಯುವುದು ನನಗೆ ತುಂಬಾ ಇಷ್ಟದ ಕೆಲಸ. ನಿಮ್ಮ ಎರಡೂ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಒಂದೇ ಉತ್ತರ. ಆಡಿದವರು ತೀರ್ಪು ಹೇಳುವ ಮುಂಚೆ ನಡೆದದ್ದನ್ನು ನಡೆದ ಹಾಗೇ ಹೇಳಬೇಕು.

ಅಡ್ವೆಂಚರ್ ಗೇಮ್‌ನಲ್ಲಿ ಇದು ಬೇರೆ ಆಟಗಳಿಗಿಂತ ಜಾಸ್ತಿ ಮುಖ್ಯ. ಯಾಕೆಂದರೆ ಇಲ್ಲಿ ಆಡುವವರು ಸಾಮಾನ್ಯವಾಗಿ ಸೋಲುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತಾರೆ. ಸಿಕ್ಕಿಹಾಕಿಕೊಂಡಾಗ ಅವರ ತಲೆಯಲ್ಲಿ ಏನು ಓಡುತ್ತಿತ್ತು ಅನ್ನುವುದು ಆಟ ಮಾಡಿದವರಿಗೆ ಕಾಣುವುದೇ ಇಲ್ಲ. ಪಜಲ್ ಕಟ್ಟಿದವರಿಗೆ ಉತ್ತರ ಮೊದಲೇ ಗೊತ್ತು. ಗೊತ್ತಿಲ್ಲದವರ ಹಾಗೆ ಆ ಕೋಣೆಯನ್ನು ನೋಡಲು ಅವರಿಗೆ ಇನ್ನು ಸಾಧ್ಯವೇ ಇಲ್ಲ, ಅಲ್ವಾ?

ನಾನು ಒಂದು ಆಟಕ್ಕೆ ಬರೆದ ವರದಿಯ ತುಣುಕು ಇದು:

"ದೀಪಸ್ತಂಭದ ಕೆಳಗಿನ ಕೋಣೆ. ಬಾಗಿಲಿನ ಚಿಲಕ ತುಕ್ಕು ಹಿಡಿದಿದೆ ಅಂತ ನಾಯಕಿ ಹೇಳಿದಳು. ಹಾಗಾದರೆ ಎಣ್ಣೆ ಬೇಕು ಅಂದುಕೊಂಡೆ. ಇನ್ವೆಂಟರಿಯಲ್ಲಿ (ನಾಯಕಿಯ ಹತ್ತಿರ ಇರುವ ವಸ್ತುಗಳ ಪಟ್ಟಿಯಲ್ಲಿ) ಲಾಂದ್ರ ಇತ್ತು. ಅದನ್ನು ಚಿಲಕದ ಮೇಲೆ ಬಳಸಿದೆ. 'ಅದು ಆಗಲ್ಲ' ಅಂತ ಬಂತು. ಸರಿ, ಎಣ್ಣೆ ಇದಕ್ಕೆ ಉತ್ತರ ಅಲ್ಲ ಅಂತ ಆ ಯೋಚನೆಯನ್ನೇ ಬಿಟ್ಟೆ. ಸುಮಾರು 20 ನಿಮಿಷ ಮೇಲೆ ಕೆಳಗೆ ಅಲೆದೆ. ಕೊನೆಗೆ ಸುಮ್ನೆ ಲಾಂದ್ರದ ಮೇಲೆ ಬಲ ಕ್ಲಿಕ್ ಮಾಡಿದಾಗ ಅದು ಬಿಚ್ಚಿಕೊಂಡು ಎಣ್ಣೆ ಡಬ್ಬಿ ಬೇರೆಯಾಗಿ ಸಿಕ್ಕಿತು."

ಇದನ್ನು ಓದಿದ ಕೂಡಲೇ ಆಟ ಮಾಡಿದವರಿಗೆ ವಿಷಯ ಹೊಳೆಯಿತು. ಪಜಲ್‌ನಲ್ಲಿ ಏನೂ ತೊಂದರೆ ಇರಲಿಲ್ಲ. ನನ್ನ ಯೋಚನೆಯೂ ಸರಿಯಾದ ದಾರಿಯಲ್ಲೇ ಇತ್ತು. ದಾರಿ ತಪ್ಪಿಸಿದ್ದು 'ಅದು ಆಗಲ್ಲ' ಅನ್ನುವ ಆ ಒಂದು ಸಾಲು. ಅದರ ಜಾಗದಲ್ಲಿ 'ಲಾಂದ್ರ ಹೀಗೆ ಇಡಿಯಾಗಿ ಹಿಡಿದರೆ ಎಣ್ಣೆ ಹೊರಗೆ ಬರಲ್ಲ' ಅಂತ ಬರೆದರು. ಅಷ್ಟೇ ಬದಲಾವಣೆ. ನಾನು 'ಚಿಲಕದ ಪಜಲ್ ಸರಿಯಿಲ್ಲ' ಅಂತ ಮಾತ್ರ ಬರೆದಿದ್ದರೆ ಅವರು ಒಳ್ಳೆಯ ಪಜಲ್ ಒಂದನ್ನು ಕಿತ್ತು ಹಾಕುತ್ತಿದ್ದರೇನೋ.

ಬರೆಯುವಾಗ ಬಿಲ್ಡ್‌ನ (ನೀವು ಆಡಿದ ಆಟದ ಆ ಪ್ರತಿಯ) ವರ್ಷನ್ ನಂಬರ್ ಮತ್ತು ಕೋಣೆ ಯಾವುದು ಅನ್ನುವುದನ್ನು ತಪ್ಪದೆ ಹಾಕಿ. ಬಗ್ ಆದರೆ ಅದಕ್ಕೆ ಮುಂಚೆ ಮಾಡಿದ್ದೆಲ್ಲ ಅದೇ ಕ್ರಮದಲ್ಲಿ ಬೇಕು. ಸ್ಕ್ರೀನ್‌ಶಾಟ್ ಇದ್ದರೆ ಇನ್ನೂ ಒಳ್ಳೆಯದು. ಹೊಸ ಬಿಲ್ಡ್ ಬಂದ ಮೇಲೆ ಹಳೆಯ ಸೇವ್ ತೆರೆಯದೆ ಹೋಗಬಹುದು, ಹಾಗಾಗಿ ಸೇವ್ ಫೈಲ್ ಕಳಿಸುವಾಗ ಅದು ಯಾವ ಬಿಲ್ಡ್‌ನದು ಅಂತ ಹೇಳಿ.

ಒಂದೇ ಸೇವ್ ಮೇಲೆ ಮತ್ತೆ ಮತ್ತೆ ಸೇವ್ ಮಾಡಬೇಡಿ, ಬೇರೆ ಬೇರೆ ಜಾಗದಲ್ಲಿ ಉಳಿಸಿಟ್ಟುಕೊಳ್ಳಿ. ಹಳೆಯ ಆಟಗಳನ್ನು ಆಡಿದವರಿಗೆ ಇದರ ಕಾರಣ ಗೊತ್ತು. 1990ರ ಕಿಂಗ್ಸ್ ಕ್ವೆಸ್ಟ್ 5ರಲ್ಲಿ ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವಾಗ ಏನಾದರೂ ಎಸೆದು ಇಲಿಯನ್ನು ಉಳಿಸಬೇಕು. ಉಳಿಸದಿದ್ದರೆ ಆ ಹೊತ್ತಿಗೆ ಏನೂ ಆಗುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ನಿಮ್ಮನ್ನು ಕಟ್ಟಿಹಾಕಿದಾಗ ಹಗ್ಗ ಕಡಿಯಲು ಆ ಇಲಿ ಬರುವುದಿಲ್ಲ, ಆಟ ಅಲ್ಲಿಗೆ ಮುಗಿಯಿತು. ನಂತರ ಬೇಕಾಗುವ ವಸ್ತುವನ್ನು ತರಲು ಹಿಂದಕ್ಕೆ ಹೋಗಲು ಆಗದ ಹಾಗೆ ಆಟ ಕಟ್ಟಬಾರದು ಅಂತ ಅಡ್ವೆಂಚರ್ ಗೇಮ್ ವಿನ್ಯಾಸಕ ರಾನ್ ಗಿಲ್ಬರ್ಟ್ 1989ರಲ್ಲೇ ಬರೆದಿದ್ದರು. ಆದರೂ ಹವ್ಯಾಸಿ ಆಟಗಳಲ್ಲಿ ಇಂಥದ್ದು ಗೊತ್ತಿಲ್ಲದೆ ನುಸುಳುತ್ತದೆ. ಕಂಡುಹಿಡಿಯಬೇಕಾದರೆ ಹಿಂದಿನ ಸೇವ್‌ಗಳು ಬೇಕೇ ಬೇಕು.

ಹಲವು ವರ್ಷಗಳಿಂದ ಆಟ ಮಾಡುತ್ತಿರುವವರು:

ಮೇಲಿನ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ಎಲ್ಲರೂ ಅವರ ಹಾಗೆ ಚೆನ್ನಾಗಿ ಬರೆದುಕೊಡುವುದಿಲ್ಲ. ಹೆಚ್ಚಿನವರಿಗೆ ಬರೆಯುವ ಅಭ್ಯಾಸವೇ ಇರುವುದಿಲ್ಲ. ಅದು ಅವರ ತಪ್ಪಲ್ಲ, ನಾವು ಕೇಳುವ ರೀತಿ ಬದಲಾಗಬೇಕು.

'ಹೇಗಿದೆ?' ಅಂತ ಕೇಳಿದರೆ 'ಚೆನ್ನಾಗಿದೆ' ಅಂತಲೇ ಬರುತ್ತದೆ. ನಾನು ಕೇಳುವ ಪ್ರಶ್ನೆಗಳೇ ಬೇರೆ. ಎಲ್ಲಿ ಮೊದಲ ಸಲ ಸುಳಿವು ಬೇಕು ಅನಿಸಿತು? ಕೊನೆಯವರೆಗೂ ಯಾತಕ್ಕೆ ಅಂತ ಗೊತ್ತಾಗದೆ ಉಳಿದ ವಸ್ತು ಯಾವುದು? ಎಲ್ಲಕ್ಕಿಂತ ಮುಖ್ಯವಾಗಿ: ಆಟ ನಿಲ್ಲಿಸಿದ ಹೊತ್ತಿಗೆ ನಾಯಕನಿಗೆ ಏನು ಬೇಕಾಗಿದೆ ಅಂತ ನೀವು ಅಂದುಕೊಂಡಿದ್ದಿರಿ? ಈ ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ತೊಂದರೆ ಇರುವುದು ಪಜಲ್‌ನಲ್ಲಲ್ಲ, ಅದಕ್ಕಿಂತ ಮುಂಚಿನ ಮಾತುಕತೆಯಲ್ಲಿ. ಗುರಿ ಗೊತ್ತಿಲ್ಲದವರಿಗೆ ಎಂಥ ಸುಲಭದ ಪಜಲ್ ಕೂಡ ಕಷ್ಟ.

ಯಾರಾದರೂ ನಿಮ್ಮ ಪಕ್ಕದಲ್ಲೇ ಕೂತು ಆಡಲು ಒಪ್ಪಿದರೆ ಬಿಡಲೇಬೇಡಿ. ಆದರೆ ತುಟಿ ಬಿಚ್ಚಬಾರದು. ಅವರ ಮೌಸ್ ಎಲ್ಲೆಲ್ಲಿ ನಿಲ್ಲುತ್ತದೆ ನೋಡಿ. ಹಾಟ್‌ಸ್ಪಾಟ್ (ಕ್ಲಿಕ್ ಮಾಡಿದರೆ ಏನಾದರೂ ಆಗುವ ಜಾಗ) ಇಲ್ಲದ ಕಡೆ ಮತ್ತೆ ಮತ್ತೆ ಕ್ಲಿಕ್ ಮಾಡಿದರೆ ನಿಮ್ಮ ಚಿತ್ರ ಅಲ್ಲಿ ಏನೋ ಇದೆ ಅಂತ ಹೇಳುತ್ತಿದೆ ಅಂತಲೇ ಅರ್ಥ. 320×200ರ ಚಿತ್ರದಲ್ಲಿ ನಾಲ್ಕು ಪಿಕ್ಸೆಲ್‌ನ ಕೀಲಿ ಇಟ್ಟಿದ್ದರೆ ಅದರ ಮೇಲೆ ಮೌಸ್ ಹಾಯ್ದು ಹೋಗುವುದನ್ನು ಕಣ್ಣಾರೆ ನೋಡುತ್ತೀರಿ. ಎರಡೇ ನಿಮಿಷಕ್ಕೆ 'ಅಲ್ಲಿ, ಎಡಗಡೆ' ಅನ್ನಬೇಕು ಅನಿಸುತ್ತದೆ. ತಡೆದುಕೊಳ್ಳಿ. ಆಟದ ಜೊತೆಗೆ ನೀವು ಎಲ್ಲರ ಮನೆಗೂ ಹೋಗಲು ಆಗುವುದಿಲ್ಲ.

ದೂರದಲ್ಲಿ ಇರುವವರಿಗೆ ನನ್ನ ಉಪಾಯ ಇದು. ಎಜಿಎಸ್‌ನಲ್ಲಿ ಅನ್‌ಹ್ಯಾಂಡಲ್ಡ್ ಇವೆಂಟ್ ಅನ್ನುವ ಫಂಕ್ಷನ್ ಇದೆ. ನೀವು ಉತ್ತರ ಬರೆದಿಡದ ಕೆಲಸ ಯಾರಾದರೂ ಮಾಡಿದಾಗ ಅದು ಓಡುತ್ತದೆ. ನಾವೆಲ್ಲ ಸಾಮಾನ್ಯವಾಗಿ 'ಅದು ಆಗಲ್ಲ' ಅನ್ನುವ ಸಾಲನ್ನು ಹಾಕುವ ಜಾಗ ಅದೇ. ಟೆಸ್ಟ್ ಬಿಲ್ಡ್‌ನಲ್ಲಿ ಅಲ್ಲಿಗೇ ನಾಲ್ಕು ಸಾಲು ಕೋಡ್ ಸೇರಿಸಿ. ಯಾವ ಕೋಣೆ, ಯಾವ ವಸ್ತು, ಯಾವುದರ ಮೇಲೆ ಅನ್ನುವುದು ಒಂದು ಟೆಕ್ಸ್ಟ್ ಫೈಲ್‌ಗೆ ಹೋಗಿ ಕೂರಲಿ. ಹೀಗೆ ಬರೆದುಕೊಳ್ಳುತ್ತದೆ ಅಂತ ಟೆಸ್ಟರ್‌ಗೆ ಮೊದಲೇ ತಿಳಿಸಿ, ಆಡಿ ಮುಗಿದ ಮೇಲೆ ಆ ಫೈಲ್ ಕಳಿಸಲು ಹೇಳಿ. ಬೇರೆ ಬೇರೆ ಜನ ಒಂದೇ ವಸ್ತುವನ್ನು ಒಂದೇ ಕಡೆ ಬಳಸಲು ನೋಡಿದ್ದರೆ ಅಲ್ಲಿಗೆ ಒಂದು ಒಳ್ಳೆಯ ಉತ್ತರ ಬರೆಯಿರಿ. ಕೆಲವೊಮ್ಮೆ ಅವರ ಉಪಾಯವೇ ನಮ್ಮದಕ್ಕಿಂತ ಚೆನ್ನಾಗಿರುತ್ತದೆ, ಆಗ ಅದನ್ನೂ ಉತ್ತರ ಅಂತ ಒಪ್ಪಿಕೊಂಡರಾಯಿತು.

ಬಂದ ಅಭಿಪ್ರಾಯಕ್ಕೆ ವಾದ ಮಾಡಲು ಹೋಗಬೇಡಿ. 'ಅದು ಹಾಗಲ್ಲ, ಎರಡನೇ ಕೋಣೆಯ ಕಾಗದದಲ್ಲಿ ಸುಳಿವು ಇತ್ತಲ್ಲ' ಅಂತ ಬರೆಯುವ ಮುಂಚೆ, ಆ ಕಾಗದ ಅವರ ಕಣ್ಣಿಗೆ ಬಿತ್ತಾ ಅಂತ ಕೇಳಿ.

ಟೆಕ್ಸ್ಟ್ ಆಟ ಬರೆಯುವವರು:

ನಮ್ಮಲ್ಲಿ ಚಿತ್ರ ಇಲ್ಲ, ಓದಿ ಟೈಪ್ ಮಾಡುವ ಆಟ. ಹಾಗಾಗಿ ಈ ವಿಷಯದಲ್ಲಿ ನಾವು ಸ್ವಲ್ಪ ಅದೃಷ್ಟವಂತರು. ಟೆಕ್ಸ್ಟ್ ಆಟ ಮಾಡುವ ಇನ್‌ಫಾರ್ಮ್ ಅನ್ನುವ ತಂತ್ರಾಂಶದಲ್ಲಿ ಮಾಡಿದ ಆಟ ಶುರು ಮಾಡುವಾಗ ಟ್ರಾನ್ಸ್‌ಕ್ರಿಪ್ಟ್ ಆನ್ ಮಾಡಿದರೆ ಆಟ ಹೇಳಿದ್ದು, ಆಡುವವರು ಟೈಪ್ ಮಾಡಿದ್ದು ಎಲ್ಲವೂ ಒಂದು ಫೈಲ್‌ನಲ್ಲಿ ಉಳಿಯುತ್ತದೆ. ಟೆಸ್ಟರ್‌ಗೆ ಏನಾದರೂ ಹೇಳಬೇಕು ಅನಿಸಿದರೆ ಮೊದಲು ಒಂದು ನಕ್ಷತ್ರ ಚಿಹ್ನೆ ಹಾಕಿ ಅಲ್ಲೇ ಬರೆಯುತ್ತಾರೆ. 'ಕಿಟಕಿ ತೆರೆದಿದೆ ಅಂತ ನೀವೇ ಬರೆದಿದ್ದೀರಿ, ನೋಡಿದರೆ ಅಂಥದ್ದೇನೂ ಕಾಣುತ್ತಿಲ್ಲ ಅನ್ನುತ್ತಿದೆ' ಅಂತ ಕಿಟಕಿಯ ಮುಂದೆಯೇ ಬರೆದ ಟಿಪ್ಪಣಿ, ಮೂರು ದಿನ ಬಿಟ್ಟು ನೆನಪಿನಿಂದ ಬರೆದ ಒಂದು ಪುಟಕ್ಕಿಂತ ಮೇಲು. ಚಿತ್ರದ ಆಟದವರು ಸ್ಕ್ರೀನ್ ರೆಕಾರ್ಡ್ ಮಾಡುತ್ತಾ ಬಾಯಲ್ಲಿ ಅಂದುಕೊಂಡದ್ದನ್ನು ಹೇಳುತ್ತಾ ಹೋದರೂ ಅದೇ ಕೆಲಸ ಆಗುತ್ತದೆ.

ಇನ್ನೊಂದು ಮಾತು. 1995ರಿಂದ ಪ್ರತಿ ವರ್ಷ ನಡೆಯುವ, ಟೆಕ್ಸ್ಟ್ ಆಟಗಳ ಐಎಫ್‌ಕಾಂಪ್ ಸ್ಪರ್ಧೆಯಲ್ಲಿ ಮೊದಲ 2 ಗಂಟೆಯ ಆಟ ನೋಡಿ ಅಂಕ ಕೊಡಬೇಕು ಅನ್ನುವ ನಿಯಮ ಇದೆ. ಸ್ಪರ್ಧೆಗೆ ಕಳಿಸದಿದ್ದರೂ ಈ ಲೆಕ್ಕ ಒಳ್ಳೆಯದು. ಹವ್ಯಾಸಿ ಆಟವನ್ನು ಬಹಳ ಜನ ಶುರುವಿನಲ್ಲೇ ಬಿಟ್ಟುಬಿಡುತ್ತಾರೆ. ಹಾಗಾಗಿ ಮೊದಲ ಕೋಣೆಗಳ ಮೇಲೆ ಬಂದ ದೂರನ್ನು ಮೊದಲು ನೋಡಿ.

ಚಿತ್ರ ಬರೆಯುವವರು:

ಚಿತ್ರದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬೇರೆಯವರ ಹಿನ್ನೆಲೆ ಚಿತ್ರದ ಮೇಲೆ ತಾವೇ ಬರೆದು ತೋರಿಸುವುದು, ಅಂದರೆ ಪೇಂಟ್‌ಓವರ್, ನಮ್ಮ ಬಳಗಗಳಲ್ಲಿ ಹಳೆಯ ಅಭ್ಯಾಸ. ನೂರು ಮಾತಿನಲ್ಲಿ ಹೇಳಲಾಗದ್ದನ್ನು ಅದು ತೋರಿಸುತ್ತದೆ. ಆದರೆ ದಯವಿಟ್ಟು ಮೊದಲು ಕೇಳಿ. ಕೇಳದೆ ತಿದ್ದಿದ ಚಿತ್ರ ನೋಡಿ ಕುಗ್ಗಿಹೋದವರನ್ನು ನೋಡಿದ್ದೇನೆ. ತಿದ್ದುವಾಗಲೂ ಅವರ ಶೈಲಿಯ ಒಳಗೇ ತಿದ್ದಿ, ನಿಮ್ಮ ಕೈಬರಹ ಬೇಡ.

'ಅನಿಮೇಷನ್ ಚೆನ್ನಾಗಿಲ್ಲ' ಅಂತ ಬರೆದರೆ ಪಾಪ, ಅವರು ಹತ್ತಾರು ಫ್ರೇಮ್ ಮತ್ತೆ ಬರೆಯಲು ಕೂರುತ್ತಾರೆ. 'ನಡೆಯುವಾಗ ಕಾಲು ನೆಲದ ಮೇಲೆ ಜಾರಿದ ಹಾಗೆ ಕಾಣುತ್ತದೆ' ಅಂತ ಬರೆದರೆ ಅದು ನಡೆಯುವ ವೇಗದ ತೊಂದರೆ ಅಂತ ಗೊತ್ತಾಗುತ್ತದೆ. ಎಜಿಎಸ್‌ನಲ್ಲಿ ಅದಕ್ಕೆ ಆಂಟಿ-ಗ್ಲೈಡ್ ಅನ್ನುವ ಸೆಟ್ಟಿಂಗ್ ಇದೆ. ಫ್ರೇಮ್ ಬದಲಾದಾಗ ಮಾತ್ರ ಪಾತ್ರ ಮುಂದೆ ಸರಿಯುತ್ತದೆ. ಒಂದು ಚಿತ್ರವನ್ನೂ ಮುಟ್ಟದೆ ಸರಿಹೋಗುವ ಸಾಧ್ಯತೆ ಇರುತ್ತದೆ.

ಇನ್ನೊಬ್ಬರು:

ಒಂದು ವಿಷಯಕ್ಕೆ ನನ್ನ ಸಣ್ಣ ತಕರಾರು. 'ನಡೆದದ್ದು ಮಾತ್ರ ಹೇಳಿ' ಅನ್ನುವುದನ್ನು ಕೆಲವರು ತುಂಬಾ ಬಿಗಿಯಾಗಿ ಹಿಡಿದು, ಸಲಹೆ ಕೊಡುವುದೇ ತಪ್ಪು ಅನ್ನುವ ಮಟ್ಟಕ್ಕೆ ಹೋಗುತ್ತಾರೆ. ಹೊಸಬರಿಗೆ ದಾರಿಯೂ ಬೇಕು. 'ಇಲ್ಲಿ ಸಿಕ್ಕಿಕೊಂಡೆ' ಅಂತ ಹೇಳಿ, ಆಮೇಲೆ 'ನನಗೆ ತೋಚಿದ್ದು ಇದು, ನೀವು ಬೇರೆ ಮಾಡಿದರೂ ಸರಿ' ಅಂತ ಸೇರಿಸಿದರೆ ಯಾರಿಗೂ ನಷ್ಟವಿಲ್ಲ. ಕಥೆಯನ್ನೇ ಬದಲಿಸಿ ಅನ್ನುವ ಸಲಹೆ ಮಾತ್ರ ಬೇಡ. ಅದು ಅವರ ಆಟ.

ಆಟ ಯಾವ ಹಂತದಲ್ಲಿದೆ ಅಂತಲೂ ನೋಡಿ. ಎಜಿಎಸ್ ಬಳಗದ ಮ್ಯಾಗ್ಸ್‌ನಂಥ ತಿಂಗಳ ಸ್ಪರ್ಧೆಗೆ ಮಾಡಿ ಮುಗಿಸಿದ ಆಟಕ್ಕೆ ಉದ್ದ ಬಗ್ ಪಟ್ಟಿ ಕೊಟ್ಟು ಏನು ಪ್ರಯೋಜನ? ಅಲ್ಲಿ ಮುಂದಿನ ಆಟಕ್ಕೆ ಆಗುವ ಒಂದೆರಡು ಮಾತು ಸಾಕು.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಟೆಕ್ಸ್ಟ್ ಫೈಲ್ ಉಪಾಯ ಈ ವಾರವೇ ಸೇರಿಸುತ್ತೇನೆ. ಇನ್ನೊಂದೇ ಪ್ರಶ್ನೆ. ಸರಿಮಾಡಿದ ಬಿಲ್ಡ್ ಅನ್ನು ಅದೇ ಜನರಿಗೆ ಕೊಡಬೇಕಾ, ಬೇರೆಯವರಿಗಾ? ಮತ್ತೆ ಆ ಮೊದಲ ಆಟದವರಿಗೆ ಎಲ್ಲಿಂದ ಶುರು ಮಾಡಲಿ?

ಬೀಟಾ ಟೆಸ್ಟ್ ಮಾಡುವವರು:

ಎರಡೂ ಬೇಕು. ಬಗ್ ಹೋಯಿತಾ ಅಂತ ನೋಡಲು ಹಳಬರೇ ಸರಿ, ಅವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತು. ಆದರೆ ಪಜಲ್ ಈಗ ಅರ್ಥವಾಗುತ್ತದಾ ಅಂತ ತಿಳಿಯಲು ಹೊಸಬರೇ ಆಗಬೇಕು. ಒಂದು ಪಜಲ್ ಅನ್ನು ಮೊದಲ ಸಲ ಬಿಡಿಸುವುದು ಯಾರಿಗಾದರೂ ಒಂದೇ ಸಲ. ಹಾಗಾಗಿ ಇರುವ ಎಲ್ಲರಿಗೂ ಮೊದಲ ಬಿಲ್ಡ್ ಕೊಟ್ಟು ಮುಗಿಸಬೇಡಿ, ಕೆಲವರನ್ನು ಕೊನೆಯ ಬಿಲ್ಡ್‌ಗೆ ಉಳಿಸಿಕೊಳ್ಳಿ. ನೀವೇ ಟೆಸ್ಟ್ ಮಾಡುವಾಗ ಡಿಬಗ್ ಕೀ (ಪರೀಕ್ಷೆಗೆ ಅಂತ ಇರುವ ಶಾರ್ಟ್‌ಕಟ್) ಒತ್ತಿ ನೇರ ಏಳನೇ ಕೋಣೆಗೆ ಹಾರುವ ಅಭ್ಯಾಸ ಇದ್ದರೆ, ಬಿಡುಗಡೆಗೆ ಮುಂಚೆ ಒಂದು ಸಲವಾದರೂ ಮೊದಲಿಂದ ಕೊನೆಯವರೆಗೆ ಹಾರದೆ ಆಡಿ. ಕ್ರಮ ತಪ್ಪಿದಾಗ ಬರುವ ಬಗ್‌ಗಳು ಹಾರಿದರೆ ಕಾಣುವುದಿಲ್ಲ.

ಆ ಮೊದಲ ಆಟದವರಿಗೆ ಬರೆಯುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ: ಇನ್ನೂ ಏನೇನು ಬದಲಿಸಲು ತಯಾರಿದ್ದೀರಿ, ಯಾವುದರ ಬಗ್ಗೆ ನಿಮಗೇ ಅನುಮಾನ ಇದೆ? ಅಲ್ಲಿಂದಲೇ ಶುರು ಮಾಡಿ. ಇಷ್ಟವಾದದ್ದನ್ನೂ ಅಷ್ಟೇ ಬಿಡಿಸಿ ಬರೆಯಿರಿ. ಯಾವ ಮಾತಿಗೆ ನಗು ಬಂತು, ಯಾವ ಕೋಣೆಗೆ ಹೋದಾಗ ಸುಮ್ನೆ ನಿಂತು ನೋಡಬೇಕು ಅನಿಸಿತು. ಅದು ಬರೀ ಸಮಾಧಾನಕ್ಕಲ್ಲ. ತಿದ್ದುವ ಭರದಲ್ಲಿ ಚೆನ್ನಾಗಿರುವುದನ್ನೇ ಕಿತ್ತು ಹಾಕದ ಹಾಗೆ ಅದು ಕಾಯುತ್ತದೆ. ಎಲ್ಲರೆದುರು ಒಳ್ಳೆಯದನ್ನು ಹೇಳಿ, ಬಗ್ ಪಟ್ಟಿ ಮತ್ತು ಪಜಲ್‌ನ ಗುಟ್ಟು ಇರುವ ಮಾತೆಲ್ಲ ಅವರಿಗೆ ಮಾತ್ರ ಕಳಿಸಿ. ಇನ್ನೂ ಆಡದವರಿಗೆ ಉತ್ತರ ಗೊತ್ತಾಗಬಾರದಲ್ವಾ?

ಮತ್ತೆ ನಿಮ್ಮ ಆಟ ಮುಗಿದಾಗ ಟೆಸ್ಟ್ ಮಾಡಿದವರ ಹೆಸರು ಕ್ರೆಡಿಟ್ಸ್‌ನಲ್ಲಿ ಹಾಕಿ. ಹೇಗೆ ಹಾಕಬೇಕು ಅಂತ ಅವರನ್ನೇ ಕೇಳಿ, ಕೆಲವರಿಗೆ ನಿಜ ಹೆಸರು ಬೇಡ. ಕೊನೆಯ ಬಿಲ್ಡ್‌ಗೆ ಹೊಸಬರು ಬೇಕಾದರೆ ನನಗೊಂದು ಮಾತು ಹೇಳಿ, ನಿಮ್ಮ ಡೆಮೊ ನಾನು ಇನ್ನೂ ಆಡಿಲ್ಲ.