ಬಿಂಬುಳಿ ರಸ ಕುಡಿದ ಮೇಲೆ ತಂದೆಯವರ ಕ್ರಿಯಾಟಿನಿನ್ ಏರಿದೆ: ಹಣ್ಣೇ ಕಾರಣವಿರಬಹುದೇ?

ಪ್ರಶ್ನೆ: ಹಂಪಿನಗರ ವಾಸಿ

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದವಾಗಿದೆ, ತಿಳಿದವರು ದಯವಿಟ್ಟು ಪೂರ್ತಿ ಓದಿ ಉತ್ತರಿಸಬೇಕಾಗಿ ವಿನಂತಿ.

ನಮ್ಮ ತಂದೆಯವರಿಗೆ 63 ವರ್ಷ. ಸಕ್ಕರೆ ಕಾಯಿಲೆ ಬಂದು 14 ವರ್ಷಗಳಾಗಿದ್ದರೂ ಮಾತ್ರೆಯಲ್ಲಿಯೇ ಹತೋಟಿಯಲ್ಲಿದೆ. ಯುಗಾದಿಯ ಹೊತ್ತಿಗೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಏರುವ ಕಶ್ಮಲ) 1.1 ಇತ್ತು, ಕೊಲೆಸ್ಟರಾಲ್ ಮಾತ್ರ ಹೆಚ್ಚಿತ್ತು. ತಾಯಿಯ ತವರು ಬೆಳ್ತಂಗಡಿ ಕಡೆ. ಸೋದರಮಾವನ ಹಿತ್ತಿಲಲ್ಲಿ ಬಿಂಬುಳಿ ಮರವಿದ್ದು, ಪ್ರತಿ ವರ್ಷವೂ ಒಂದು ಚೀಲ ಹಣ್ಣು ಬಸ್ಸಿನಲ್ಲಿ ಬೆಂಗಳೂರಿಗೆ ಬರುತ್ತದೆ. ಇಷ್ಟು ವರ್ಷ ಅದು ಉಪ್ಪಿನಕಾಯಿಗೆ, ಸಾರಿಗೆ ಹೋಗುತ್ತಿತ್ತು. ಈ ಬಾರಿ, ಬಿಂಬುಳಿ ರಸ ಕುಡಿದರೆ ಕೊಲೆಸ್ಟರಾಲ್ ಕರಗುತ್ತದೆ ಎಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನಂಬಿ, ತಂದೆಯವರು ಹಣ್ಣನ್ನು ಮಿಕ್ಸಿಯಲ್ಲಿ ರುಬ್ಬಿ, ಸೋಸಿ, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಎರಡು ದೊಡ್ಡ ಲೋಟದಷ್ಟು ರಸವನ್ನು ನಾಲ್ಕು ದಿನ ಕುಡಿದಿದ್ದಾರೆ. ತಾಯಿಯವರೂ ಎರಡು ದಿನ ಸ್ವಲ್ಪ ಸ್ವಲ್ಪ ಕುಡಿದು, ಹುಳಿ ತಾಳಲಾರದೆ ಬಿಟ್ಟಿದ್ದಾರೆ.

ನಾಲ್ಕನೆಯ ದಿನ ಸಂಜೆ ತಂದೆಯವರಿಗೆ ವಾಂತಿ, ಸೊಂಟದ ಎರಡೂ ಬದಿ ನೋವು, ನಿಲ್ಲದ ಬಿಕ್ಕಳಿಕೆ ಶುರುವಾದವು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಗ್ಯಾಸ್ಟ್ರಿಕ್ ಎಂದು ಹೇಳಿ, ನೋವಿಗೆ ಇಂಜೆಕ್ಷನ್ ಕೊಟ್ಟು ಕಳಿಸಿದರು. ಏನು ತಿಂದಿರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಮೂತ್ರ ಬಹಳ ಕಡಿಮೆಯಾಯಿತು. ಬೇರೆ ಆಸ್ಪತ್ರೆಗೆ ಸೇರಿಸಿದಾಗ ಕ್ರಿಯಾಟಿನಿನ್ 6.4 ಎಂದು ಬಂತು. ಎರಡು ಬಾರಿ ಡಯಾಲಿಸಿಸ್ ಆಗಿದೆ. ಈಗ ಬಯಾಪ್ಸಿ, ಅಂದರೆ ಸೂಜಿಯಿಂದ ಮೂತ್ರಪಿಂಡದ ಸಣ್ಣ ತುಣುಕು ತೆಗೆದು ಪರೀಕ್ಷೆ, ಮಾಡಬೇಕೆನ್ನುತ್ತಿದ್ದಾರೆ, ಸೂಜಿ ಹಾಕಿಸಿಕೊಳ್ಳಲು ತಂದೆಯವರಿಗೆ ಭಯ.

ಹುಟ್ಟಿದಾಗಿನಿಂದ ತಿಂದ ಹಣ್ಣು ಹೀಗೆ ಮಾಡಬಲ್ಲುದೇ? ಡಯಾಲಿಸಿಸ್ ಇನ್ನು ಜೀವನಪರ್ಯಂತವೇ? ತಾಯಿಯವರ ವಿಷಯದಲ್ಲಿ ಏನು ಮಾಡಬೇಕು?

ಉತ್ತರ: ಜಯನಗರದ ಕಿಡ್ನಿ ವೈದ್ಯ

ನಿಮ್ಮ ತಂದೆಯವರನ್ನು ನೋಡದೆ ಕಾಯಿಲೆಯನ್ನು ನಿರ್ಧರಿಸಲು ನನಗೆ ಸಾಧ್ಯವಿಲ್ಲ. ಆದರೆ ನೀವು ಬರೆದಿರುವ ಕ್ರಮ, ಅಂದರೆ ಬರಿ ಹೊಟ್ಟೆಯಲ್ಲಿ ಗಟ್ಟಿ ರಸ, ಕೆಲವೇ ದಿನಗಳಲ್ಲಿ ವಾಂತಿ ಮತ್ತು ಸೊಂಟನೋವು, ಅದರ ಹಿಂದೆಯೇ ಮೂತ್ರ ಇಳಿಮುಖವಾಗಿ ಕ್ರಿಯಾಟಿನಿನ್ ಏರಿದ್ದು, ನಮ್ಮ ವಿಭಾಗದವರಿಗೆ ಪರಿಚಿತವಾದದ್ದೇ. ಕೇರಳದ ಐದು ಆಸ್ಪತ್ರೆಗಳಲ್ಲಿ ಬಿಂಬುಳಿ ರಸ ಕುಡಿದು ಮೂತ್ರಪಿಂಡ ವಿಫಲವಾದ 10 ಮಂದಿಯ ವಿವರಗಳು 2013ರಲ್ಲಿ ಭಾರತದ ನೆಫ್ರಾಲಜಿ ಪತ್ರಿಕೆಯಲ್ಲಿ ಪ್ರಕಟವಾದವು. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಬೇಕಾಯಿತು, ಉಳಿದ 3 ಮಂದಿ ಅದಿಲ್ಲದೆಯೇ ಚೇತರಿಸಿಕೊಂಡರು. ಮಲಯಾಳಿಗಳು ಇರುಂಬನ್ ಪುಳಿ ಎನ್ನುವುದು ಇದೇ ಹಣ್ಣನ್ನು.

ಇದರ ಮೂಲ ಬಿಂಬುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ, ಅದರ ಲವಣರೂಪವೇ ಆಕ್ಸಲೇಟ್. ಆಕ್ಸಲೇಟನ್ನು ಒಡೆದು ಜೀರ್ಣಿಸುವ ಶಕ್ತಿ ಮನುಷ್ಯದೇಹಕ್ಕಿಲ್ಲ. ರಕ್ತಕ್ಕೆ ಸೇರಿದ್ದು ಹೊರಹೋಗಬೇಕಾದರೆ ಮೂತ್ರಪಿಂಡದ ದಾರಿಯೇ ಮುಖ್ಯ. ಊಟದ ಜೊತೆಗೆ ತಿಂದಾಗ, ಅನ್ನದೊಂದಿಗಿನ ಮೊಸರು, ಹಾಲು, ರಾಗಿ ಮುಂತಾದವುಗಳಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಕರಗದ ಲವಣವನ್ನಾಗಿಸುತ್ತದೆ, ಅದು ಮಲದೊಂದಿಗೆ ಹೊರಟುಹೋಗುತ್ತದೆ. ಬರಿ ಹೊಟ್ಟೆಯಲ್ಲಿ ಸೋಸಿದ ರಸವನ್ನು ಕುಡಿದರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ಕರಗಿದ ಆಕ್ಸಲೇಟ್ ಒಮ್ಮೆಗೇ ರಕ್ತಕ್ಕೆ ನುಗ್ಗಿ, ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕ್ಯಾಲ್ಸಿಯಮ್ಮಿನೊಂದಿಗೆ ಕೂಡಿ ಹರಳುಗಟ್ಟುತ್ತದೆ. ಹರಳುಗಳು ನಾಳಗಳನ್ನು ಕಟ್ಟುವುದಷ್ಟೇ ಅಲ್ಲ, ಒಳಗೋಡೆಯ ಕೋಶಗಳನ್ನು ಕೊಂದು ಸುತ್ತಲೂ ಉರಿಯೂತವನ್ನು ಎಬ್ಬಿಸುತ್ತವೆ. ಸಾಮಾನ್ಯವಾಗಿ ನಾವು ಕಿಡ್ನಿ ಸ್ಟೋನ್ ಎನ್ನುವ ಕಲ್ಲಿನಂತೆ ಇವು ಸ್ಕ್ಯಾನಿಂಗಿನಲ್ಲಿ ಕಾಣುವಂಥವಲ್ಲ. ಸ್ಕ್ಯಾನ್ ನಾರ್ಮಲ್ ಎಂದು ಬಂದರೂ ಒಳಗೆ ಹಾನಿ ನಡೆದಿರಬಹುದು.

ಬಯಾಪ್ಸಿಯ ಬಗ್ಗೆ ಹೇಳಬೇಕೆಂದರೆ, 14 ವರ್ಷದ ಸಕ್ಕರೆ ಕಾಯಿಲೆ ಇರುವವರಲ್ಲಿ ಕ್ರಿಯಾಟಿನಿನ್ ಏರಿದರೆ ಎಲ್ಲರ ಕಣ್ಣು ಮೊದಲು ಸಕ್ಕರೆಯ ಮೇಲೆ ಬೀಳುತ್ತದೆ. ಬಯಾಪ್ಸಿಯ ತುಣುಕನ್ನು ಧ್ರುವೀಕೃತ ಬೆಳಕಿನಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟರೆ ಆಕ್ಸಲೇಟ್ ಹರಳುಗಳು ಕತ್ತಲಲ್ಲಿ ಗಾಜಿನ ಚೂರುಗಳಂತೆ ಹೊಳೆಯುತ್ತವೆ. ಸಕ್ಕರೆಯಿಂದಾದ ಹಾನಿ ಎಷ್ಟು, ರಸದಿಂದಾದದ್ದು ಎಷ್ಟು ಎಂಬುದನ್ನು ಬೇರ್ಪಡಿಸಲು ಅದಕ್ಕಿಂತ ಸ್ಪಷ್ಟವಾದ ದಾರಿ ಇಲ್ಲ. ಮರಗಟ್ಟಿಸುವ ಔಷಧ ಕೊಟ್ಟ ಮೇಲೆಯೇ ಸೂಜಿ ಹಾಕುತ್ತಾರೆಂದು ತಂದೆಯವರಿಗೆ ತಿಳಿಸಿ. ಮುಂದುವರಿಯಬೇಕೇ ಬೇಡವೇ ಎಂಬ ತೀರ್ಮಾನ ಚಿಕಿತ್ಸೆ ನೀಡುತ್ತಿರುವ ವೈದ್ಯರದ್ದು.

ಒಂದು ಅನುಮಾನವನ್ನು ಹೇಳಲೇಬೇಕು. ನೋವಿಗೆ ಕೊಟ್ಟ ಇಂಜೆಕ್ಷನ್ ಡೈಕ್ಲೋಫೆನಾಕ್ ಜಾತಿಯದಾಗಿದ್ದರೆ ಅದು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸಿ, ಆಗಲೇ ಪೆಟ್ಟು ತಿಂದಿದ್ದ ಅಂಗಕ್ಕೆ ಇನ್ನೊಂದು ಪೆಟ್ಟು ಕೊಟ್ಟಿರಬಹುದು. ವಾಂತಿಯಿಂದ ದೇಹದ ನೀರು ಕಡಿಮೆಯಾದದ್ದೂ ಇದಕ್ಕೆ ಸೇರುತ್ತದೆ. ಆ ಚೀಟಿಯನ್ನು ಹುಡುಕಿ ಈಗಿನ ವೈದ್ಯರಿಗೆ ತೋರಿಸಿ, ಫೈಲಿನ ಮೊದಲ ಪುಟದಲ್ಲಿಯೇ "ಬಿಂಬುಳಿ ರಸ, ಬರಿ ಹೊಟ್ಟೆ, ನಾಲ್ಕು ದಿನ" ಎಂದು ಬರೆಸಿ.

ಇದಕ್ಕೆ ಪ್ರತಿವಿಷವೆಂಬುದಿಲ್ಲ. ರಸ ನಿಲ್ಲಿಸುವುದು, ದ್ರವದ ಪ್ರಮಾಣವನ್ನು ವೈದ್ಯರ ಲೆಕ್ಕದಂತೆ ಇಡುವುದು, ಅಗತ್ಯವಿರುವವರೆಗೆ ಡಯಾಲಿಸಿಸ್ ಮಾಡುತ್ತ ಮೂತ್ರಪಿಂಡಕ್ಕೆ ಚೇತರಿಸಿಕೊಳ್ಳಲು ಸಮಯ ಕೊಡುವುದು, ಇಷ್ಟೇ. ಡಯಾಲಿಸಿಸ್ ಶುರುವಾದ ಮಾತ್ರಕ್ಕೆ ಅದು ಜೀವನಪರ್ಯಂತ ಎಂದಲ್ಲ. ಇಂಥ ಹಠಾತ್ ಹಾನಿಯಲ್ಲಿ ಕೆಲವು ವಾರಗಳಲ್ಲಿ ಅದರಿಂದ ಹೊರಬಂದವರಿದ್ದಾರೆ. ಮೊದಲೇ ಕಾಯಿಲೆಯಿದ್ದ ಮೂತ್ರಪಿಂಡಗಳಲ್ಲಿ ಮಾತ್ರ ಹಾನಿ ಉಳಿದುಬಿಡುವ ಸಂಭವ ಹೆಚ್ಚು. ತಾಯಿಯವರಿಗೆ ತೊಂದರೆ ಕಾಣದಿದ್ದರೂ ನಾಳೆಯೇ ಕ್ರಿಯಾಟಿನಿನ್ ಮತ್ತು ಮೂತ್ರಪರೀಕ್ಷೆ ಮಾಡಿಸಿ. ಮೂತ್ರ ಸರಿಯಾಗಿ ಹೋಗುತ್ತಿದೆ ಎಂದು ಸುಮ್ಮನಿರಬೇಡಿ, ಮೂತ್ರದ ಪ್ರಮಾಣ ಕುಗ್ಗದೆಯೂ ಈ ಹಾನಿ ಆಗಬಲ್ಲುದು.

ಉತ್ತರ: ಕರಾವಳಿಯವಳು, ಬನಶಂಕರಿ

ನಾನು ವೈದ್ಯೆಯಲ್ಲ, ಪುತ್ತೂರಿನಲ್ಲಿ ಬೆಳೆದು ಬೆಂಗಳೂರಿಗೆ ಬಂದವಳು. ವೈದ್ಯರು ಹೇಳಿದ ಊಟದ ಮಾತಿಗೆ ಅಡುಗೆಮನೆಯ ಕಡೆಯಿಂದ ಒಂದೆರಡು ಮಾತು ಸೇರಿಸಬಹುದೆನಿಸಿತು.

ನಮ್ಮಲ್ಲಿ ಬಿಂಬುಳಿಯನ್ನು ಹುಣಸೆಹುಳಿಯ ಬದಲಿಗೆ ಬಳಸುತ್ತೇವೆ. ಒಂದು ಪಾತ್ರೆ ಸಾರಿಗೋ ಮೀನಿನ ಗಸಿಗೋ ನಾಲ್ಕೈದು ಹಣ್ಣು ಸೀಳಿ ಹಾಕಿದರೆ ಮನೆಮಂದಿಗೆಲ್ಲ ಸಾಕು, ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಹಣ್ಣಿಗಿಂತ ಕಡಿಮೆ. ಉಪ್ಪಿನಕಾಯಿಗಾದರೆ ಹಣ್ಣನ್ನು ಉಪ್ಪಿನಲ್ಲಿಟ್ಟು ಬಿಟ್ಟ ನೀರನ್ನು ಬಸಿದು, ಬಿಸಿಲಿಗೆ ಬಾಡಿಸಿದ ಮೇಲೆಯೇ ಮಸಾಲೆ. ಅದೇ ಹಣ್ಣನ್ನು ರುಬ್ಬಿ ಎರಡು ಲೋಟ ತುಂಬಬೇಕಾದರೆ ಎಷ್ಟು ಹಣ್ಣು ಬೇಕು ಎಂದು ಯೋಚಿಸಿ. ಇಡೀ ಮನೆ ವಾರವಿಡೀ ತಿನ್ನುವುದನ್ನು ಒಬ್ಬರೇ ಒಂದೇ ಬೆಳಿಗ್ಗೆ ಕುಡಿದಂತಾಯಿತು. ನಮ್ಮ ಅಜ್ಜಿ ಹಿತ್ತಾಳೆ ಪಾತ್ರೆಯ ಕಿಲುಬು ತೆಗೆಯಲು ಬಿಂಬುಳಿಯನ್ನು ಉಜ್ಜುತ್ತಿದ್ದರು. ಕಿಲುಬು ತೆಗೆಯುವ ಹುಳಿಯನ್ನು ಲೋಟಗಟ್ಟಲೆ ಕುಡಿಯಬಹುದೆಂದು ಅವರಿಗೆ ಯಾರಾದರೂ ಹೇಳಿದ್ದರೆ ಖಂಡಿತ ನಗುತ್ತಿದ್ದರು.

ನನಗೂ ಒಂದು ಸಂಶಯವಿದೆ. ಪತ್ರೊಡೆಗೆ ಬಳಸುವ ಕೆಸುವಿನ ಎಲೆಯಲ್ಲಿಯೂ ಆಕ್ಸಲೇಟ್ ಇದೆಯೆಂದು, ಬಾಯಿ ತುರಿಸುವುದು ಅದರಿಂದಲೇ ಎಂದು ಓದಿದ್ದೇನೆ. ಹಾಗಾದರೆ ಪತ್ರೊಡೆಯೂ ಅಪಾಯವೇ?

ಉತ್ತರ: ಜಯನಗರದ ಕಿಡ್ನಿ ವೈದ್ಯ

ಒಳ್ಳೆಯ ಪ್ರಶ್ನೆ. ಕೆಸುವಿನ ತುರಿಕೆಗೆ ಕಾರಣವಾದದ್ದು ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಅವು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ನಾಲಿಗೆಗೆ ಚುಚ್ಚಿದರೂ ರಕ್ತಕ್ಕೆ ಸೇರುವುದು ಕಡಿಮೆ. ಎಲೆಯಲ್ಲಿ ಕರಗುವ ಆಕ್ಸಲೇಟೂ ಇರುತ್ತದೆ, ಆದರೆ ಆಟಿ ತಿಂಗಳಲ್ಲಿ ಊಟದೊಂದಿಗೆ ತಿನ್ನುವ ಪತ್ರೊಡೆಗೂ ದಿನನಿತ್ಯ ಕುಡಿಯುವ ರಸಕ್ಕೂ ಹೋಲಿಕೆಯಿಲ್ಲ. ಪಾಲಕ್ ಸೊಪ್ಪಿನ ಆಕ್ಸಲೇಟಿನಲ್ಲಿ ಬಹುಪಾಲು ಕರಗುವಂಥದ್ದು. ಬೇಯಿಸಿ ನೀರು ಚೆಲ್ಲಿದರೆ ಅದರಲ್ಲಿ ಸಾಕಷ್ಟು ಕಡಿಮೆಯಾಗುತ್ತದೆ, ಹಸಿಯಾಗಿ ರುಬ್ಬಿ ಹಸಿರು ಜ್ಯೂಸ್ ಮಾಡಿ ದಿನವೂ ಕುಡಿದರೆ ಅಷ್ಟೂ ಒಳಗೆ ಹೋಗುತ್ತದೆ. ಲಾಲ್‌ಬಾಗಿನಲ್ಲಿ ವಾಕಿಂಗ್ ಮುಗಿಸಿ ಗೇಟಿನ ಬಳಿ ಬಗೆಬಗೆಯ ಸೊಪ್ಪಿನ ರಸ ಕುಡಿಯುವ ಹಿರಿಯರನ್ನು ನೋಡಿದಾಗಲೆಲ್ಲ, ಇವರಲ್ಲಿ ಎಷ್ಟು ಮಂದಿ ಕ್ರಿಯಾಟಿನಿನ್ ನೋಡಿಸಿಕೊಂಡಿರಬಹುದು ಎಂದು ನನಗೆ ಅನಿಸುವುದುಂಟು.

ಹಣ್ಣೇ ಆಗಬೇಕೆಂದಿಲ್ಲ. ಅಮೆರಿಕದ ಅರ್ಕಾನ್ಸಾದಲ್ಲಿ ದಿನಕ್ಕೆ 16 ಲೋಟ ತಣ್ಣನೆಯ ಚಹಾ ಕುಡಿಯುತ್ತಿದ್ದ 56 ವರ್ಷದವರೊಬ್ಬರ ಮೂತ್ರಪಿಂಡ ಇದೇ ರೀತಿ ಹಾಳಾದದ್ದು 2015ರಲ್ಲಿ ವರದಿಯಾಯಿತು. ವಿಟಮಿನ್ ಸಿ ಮಾತ್ರೆಗಳನ್ನು ಅತಿಯಾಗಿ ನುಂಗಿದರೂ ದೇಹ ಅದರ ಒಂದು ಭಾಗವನ್ನು ಆಕ್ಸಲೇಟಾಗಿ ಮಾರ್ಪಡಿಸುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ಕಲ್ಲಿನ ತೊಂದರೆಯವರು ಹಾಲು ಮೊಸರು ಬಿಡಬೇಕೆಂದು ಅನೇಕರು ನಂಬಿದ್ದಾರೆ. ಊಟದೊಂದಿಗೆ ಮೊಸರು ಇಲ್ಲದಿದ್ದರೆ ಕರುಳಿನಲ್ಲಿ ಆಕ್ಸಲೇಟನ್ನು ತಡೆಯುವುದೇ ಕಡಿಮೆಯಾಗುತ್ತದೆ.

ಉತ್ತರ: ಮಲ್ಲೇಶ್ವರದಿಂದ

ಬಿಂಬುಳಿಯ ಸೋದರ ಜಾತಿಯಾದ ಕಮರಾಕ್ಷಿ ಹಣ್ಣಿನ ವಿಷಯ ಇಲ್ಲಿ ಬರಲೇಬೇಕು. ಊರ ಕಡೆ ಧಾರೆಹುಳಿ, ಬೆಂಗಳೂರಿನ ತಳ್ಳುಗಾಡಿಗಳಲ್ಲಿ ಸ್ಟಾರ್ ಫ್ರೂಟ್. ಅಡ್ಡ ಕೊಯ್ದರೆ ನಕ್ಷತ್ರದಾಕಾರ ಬರುವ ಹಣ್ಣು. ಶಾಲೆಗಳ ಮುಂದೆ ಉಪ್ಪು ಖಾರ ಹಚ್ಚಿ ಮಾರುತ್ತಾರೆ. ನನ್ನ ಚಿಕ್ಕಪ್ಪ ಮೂರು ವರ್ಷದಿಂದ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಬಾಳೆಹಣ್ಣು, ಎಳನೀರು ಬೇಡವೆಂದು ಎಲ್ಲರೂ ಹೇಳಿದ್ದರು, ಈ ಹಣ್ಣಿನ ಹೆಸರನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಮೊಮ್ಮಗಳು ತಂದ ಹಣ್ಣಿನಲ್ಲಿ ಅರ್ಧವಷ್ಟೇ ತಿಂದರು. ಆ ರಾತ್ರಿಯೇ ಬಿಕ್ಕಳಿಕೆ ಶುರುವಾಗಿ ನಿಲ್ಲಲೇ ಇಲ್ಲ. ಬೆಳಗಿನ ಜಾವಕ್ಕೆ ನಮ್ಮ ಗುರುತು ಹಿಡಿಯದೆ ಏನೇನೋ ಮಾತನಾಡತೊಡಗಿದರು. ಪಾರ್ಶ್ವವಾಯು ಎಂದುಕೊಂಡು ಕರೆದೊಯ್ದೆವು. ಅಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಹಿಂದಿನ ದಿನ ತಿಂದದ್ದನ್ನೆಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡು, ಸರದಿಗೆ ಕಾಯದೆ ತಕ್ಷಣ ಡಯಾಲಿಸಿಸ್ ಮಾಡಿಸಿದರು. ಚಿಕ್ಕಪ್ಪ ಉಳಿದದ್ದು ಆ ಒಂದು ಪ್ರಶ್ನೆಯಿಂದ.

ಆಮೇಲೆ ಹುಡುಕಿ ಓದಿದಾಗ ತಿಳಿದದ್ದು: ಈ ಹಣ್ಣಿನಲ್ಲಿ ಆಕ್ಸಲೇಟಿನ ಜೊತೆಗೆ ನರಗಳಿಗೆ ವಿಷವಾದ ಕ್ಯಾರಂಬಾಕ್ಸಿನ್ ಎಂಬ ವಸ್ತುವೂ ಇದೆ. 2013ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಬೇರ್ಪಡಿಸಿ ಗುರುತಿಸಿದರು. ಆರೋಗ್ಯವಂತ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ, ಕೆಟ್ಟ ಮೂತ್ರಪಿಂಡಕ್ಕೆ ಅದು ಸಾಧ್ಯವಾಗದೆ ಮಿದುಳಿಗೆ ತಲುಪುತ್ತದೆ. ಬಿಕ್ಕಳಿಕೆ, ಗಲಿಬಿಲಿ, ಫಿಟ್ಸ್, ಕೊನೆಗೆ ಸಾವು ಕೂಡ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಇದಕ್ಕೆ ಸಾಲದು, ರಕ್ತದ ಡಯಾಲಿಸಿಸ್ಸೇ ಬೇಕು. ಡಯಾಲಿಸಿಸ್ ಘಟಕಗಳ ಗೋಡೆಯಲ್ಲಿ ಬಾಳೆಹಣ್ಣಿನ ಚಿತ್ರದ ಪಕ್ಕ ಈ ಹಣ್ಣಿನ ಚಿತ್ರವನ್ನೂ, ಕನ್ನಡದ ಎರಡು ಮೂರು ಹೆಸರುಗಳೊಂದಿಗೆ, ಏಕೆ ಹಾಕುವುದಿಲ್ಲವೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಉತ್ತರ: ಜಯನಗರದ ಕಿಡ್ನಿ ವೈದ್ಯ

ಮಲ್ಲೇಶ್ವರದವರು ಬರೆದದ್ದು ಸರಿ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಕಮರಾಕ್ಷಿಯಲ್ಲಿ ಇಷ್ಟು ತಿನ್ನಬಹುದು ಎಂಬ ಅಳತೆಯೇ ಇಲ್ಲ, ಒಂದು ಹೋಳೂ ಬೇಡ. ಆರೋಗ್ಯವಂತ ಮಕ್ಕಳು ಅಪರೂಪಕ್ಕೆ ಒಂದೆರಡು ಹೋಳು ತಿಂದರೆ ಹೆದರಬೇಕಾಗಿಲ್ಲ. ಆದರೆ ಆರೋಗ್ಯವಂತರೂ ಬರಿ ಹೊಟ್ಟೆಯಲ್ಲಿ ಹುಳಿ ತಳಿಯ ರಸವನ್ನು ಹೆಚ್ಚಾಗಿ ಕುಡಿದು ಮೂತ್ರಪಿಂಡ ಕೆಡಿಸಿಕೊಂಡ ಉದಾಹರಣೆಗಳು ತೈವಾನಿನಿಂದ ವರದಿಯಾಗಿವೆ. ಸಿಹಿ ತಳಿಗಿಂತ ಹುಳಿ ತಳಿಯಲ್ಲಿ ಆಕ್ಸಲೇಟ್ ಹೆಚ್ಚು.

ಪ್ರಶ್ನೆ ಕೇಳಿದವರಿಂದ: ಹಂಪಿನಗರ ವಾಸಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಬಯಾಪ್ಸಿ ಆಯಿತು. ನಾಳಗಳ ತುಂಬ ಆಕ್ಸಲೇಟ್ ಹರಳುಗಳಿದ್ದವು, ಜೊತೆಗೆ ಸಕ್ಕರೆ ಕಾಯಿಲೆಯ ಆರಂಭದ ಗುರುತುಗಳೂ ಇವೆಯಂತೆ. ಕ್ರಿಯಾಟಿನಿನ್ 1.1 ಇದ್ದಾಗಲೂ ಮೂತ್ರಪಿಂಡ ಪೂರ್ತಿ ಸರಿಯಿರಲಿಲ್ಲ ಎಂಬುದು ನಮಗೆ ತಿಳಿದದ್ದು ಈಗ. ಒಟ್ಟು ಐದು ಡಯಾಲಿಸಿಸ್ ಆದ ಮೇಲೆ ನಿಲ್ಲಿಸಿದ್ದಾರೆ, ನಿನ್ನೆಯ ಕ್ರಿಯಾಟಿನಿನ್ 1.9. ಇನ್ನೂ ಇಳಿಯಬಹುದು, ಇಲ್ಲಿಯೇ ನಿಲ್ಲಲೂಬಹುದು, ಹದಿನೈದು ದಿನಕ್ಕೊಮ್ಮೆ ನೋಡೋಣ ಎಂದಿದ್ದಾರೆ. ತಾಯಿಯವರದು 0.8, ಮೂತ್ರಪರೀಕ್ಷೆಯೂ ಸರಿಯಾಗಿದೆ. ನರ್ಸಿಂಗ್ ಹೋಮಿನ ಚೀಟಿಯಲ್ಲಿದ್ದದ್ದು ಡೈಕ್ಲೋಫೆನಾಕೇ.

ಸೋದರಮಾವ ವಿಷಯ ಕೇಳಿ ನೊಂದು, ಮರವನ್ನೇ ಕಡಿಸುತ್ತೇನೆಂದು ಫೋನಿನಲ್ಲಿ ಹೇಳಿದರು. ತಾಯಿಯವರು ಬೇಡವೆಂದು, ಹಣ್ಣನ್ನು ಸಾರಿಗೆ ಬೇಕಾದಷ್ಟೇ ಕಳಿಸಲು ತಿಳಿಸಿದ್ದಾರೆ. ತಂದೆಯವರಿಗೆ ಮಾತ್ರ ಆ ಸಾರೂ ಇಲ್ಲ. ಫ್ರಿಜ್ಜಿನಲ್ಲಿ ಉಳಿದಿದ್ದ ಎರಡು ಬಾಟಲಿ ರಸವನ್ನು ಅವರೇ ಎದ್ದು ಹೋಗಿ ಸಿಂಕಿಗೆ ಸುರಿದರು.