‘ಕ್ಲಾಸಿಕ್’ ಹೆಸರಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿ ಹುಟ್ಟಲಿರುವ ಮಗುವಿಗೆ ಹೆಸರು ಹುಡುಕುತ್ತಿದ್ದಾಳೆ. ‘ತೀರಾ ಹೊಸದೂ ಬೇಡ, ಹಳೇದು ಅಂತಲೂ ಅನ್ನಿಸಬಾರದು. ಕ್ಲಾಸಿಕ್ ಆಗಿರೋದು ಹೇಳು’ ಅಂದಳು. ಸೀತಾ, ಸಾರಾ, ಅನ್ನಾ ಥರದ್ದು. ನನಗೆ ಆ ‘ಕ್ಲಾಸಿಕ್’ ಅನ್ನುವ ಮಾತೇ ತಲೆಯಲ್ಲಿ ಉಳಿಯಿತು. ಅದಕ್ಕೆ ನೀವು ಯಾವ ಪದ ಬಳಸುತ್ತೀರಿ?

‘ಹಳೇ ಹೆಸರು’ ಅಂದರೆ ಸರಿಹೋಗುವುದಿಲ್ಲ. ‘ಹಳಬರು’ ಅಂದಾಗ ಗೌರವ ಇದೆ, ನಿಜ. ಆದರೆ ಅಡುಗೆ ಕೆಟ್ಟರೆ ‘ಹಳಸಿತು’ ಅನ್ನುತ್ತೇವಲ್ವಾ, ಅದೂ ಇದೇ ಬೇರಿನದು. ಕೂಸಿನ ಹೆಸರಿನ ಪಕ್ಕ ಆ ನೆನಪು ಬೇಡ.

ಸಾಹಿತ್ಯದವರು ‘ಅಭಿಜಾತ’ ಅನ್ನುತ್ತಾರೆ. ಒಳ್ಳೆ ಕುಲದಲ್ಲಿ ಹುಟ್ಟಿದ ಅಂತ ಅದರ ಮೂಲ ಅರ್ಥ. ಲ್ಯಾಟಿನ್ನಿನ ‘ಕ್ಲಾಸಿಕುಸ್’ ಕೂಡ ರೋಮಿನ ಮೇಲ್ವರ್ಗದವರಿಗೆ ಸಲ್ಲುತ್ತಿದ್ದ ಮಾತೇ. 2ನೇ ಶತಮಾನದಲ್ಲಿ ಔಲುಸ್ ಗೆಲ್ಲಿಯುಸ್ ಎಂಬ ರೋಮನ್ ಲೇಖಕ ಅದನ್ನು ಮೇಲ್ದರ್ಜೆಯ ಬರಹಗಾರನಿಗೆ ಬಳಸಿದ. ಎರಡರಲ್ಲೂ ಮೇಲು ಕೀಳಿನ ವಾಸನೆ ಇದೆ. ಆದರೆ ಇಂಥ ಹೆಸರುಗಳು ನನಗೆ ಇಷ್ಟವಾಗುವುದೇ ಅವು ಎಲ್ಲರವೂ ಆಗಿರುವುದರಿಂದ. ಒಂದೇ ಹೀಬ್ರೂ ಹೆಸರು ಜಾನ್ ಆಯಿತು, ಇವಾನ್ ಆಯಿತು, ಹುವಾನ್ ಆಯಿತು. ರಾಜನಿಗೂ ಅದೇ, ಕಮ್ಮಾರನಿಗೂ ಅದೇ.

‘ಶಾಸ್ತ್ರೀಯ’ ಭಾಷೆಗೆ ಸರಿ. 2008ರಲ್ಲಿ ಕನ್ನಡಕ್ಕೆ ಸಿಕ್ಕ ಸ್ಥಾನಮಾನಕ್ಕೂ ಅದೇ ಪದ. ಆದರೆ ‘ಶಾಸ್ತ್ರೀಯ ಹೆಸರು’ ಅಂದರೆ ಶಾಸ್ತ್ರ ಕೇಳಿ ಇಟ್ಟದ್ದು ಅನ್ನಿಸುತ್ತದೆ.

ಮೊನ್ನೆ ತಂಗಿ ಪಟ್ಟಿ ಹಿಡಿದು ಒಂದೊಂದೇ ಹೆಸರನ್ನು ಜೋರಾಗಿ ಕೂಗಿ ನೋಡುತ್ತಿದ್ದಳು. ‘ಸೀತಾ, ಚಪ್ಪಲಿ ಹಾಕ್ಕೋ!’ ಆಮೇಲೆ, ‘ಡಾಕ್ಟರ್ ಸೀತಾ ಇದ್ದಾರಾ?’ ಕೊನೆಗೆ ಮೆಲ್ಲಗೆ, ‘ಸೀತಜ್ಜೀ...’ ಮೂರು ಕಡೆಯೂ ಒಗ್ಗಿದ್ದನ್ನು ಉಳಿಸಿಕೊಂಡಳು. ಮಿಕ್ಕವಕ್ಕೆ ಗೀಟು. ಸೀತಜ್ಜಿ ಅಂದಾಗ ಅವಳ ಕೈ ಹೊಟ್ಟೆಯ ಮೇಲಿತ್ತು.

ಆಗ ನನಗೆ ಹೊಳೆದದ್ದು ‘ಬಾಳಿಕೆ’. ಬಟ್ಟೆ, ಪಾತ್ರೆ ಬಾಳಿಕೆ ಬರುತ್ತದೆ ಅನ್ನುತ್ತೇವೆ. ‘ಬಾಳು’ ಅದರೊಳಗೇ ಇದೆ. ‘ಬಾಳಿಕೆಯ ಹೆಸರು’ ಅಂದರೆ ಹೇಗೆ? ಮೂರು ವರ್ಷಕ್ಕೂ ಸಲ್ಲುತ್ತದೆ, ಎಂಬತ್ತಕ್ಕೂ ಸಲ್ಲುತ್ತದೆ.

ಒಂದೇ ಅನುಮಾನ. ನಾನು ‘ಬಾಳಿಕೆ’ಯನ್ನು ಕೈಯಲ್ಲಿ ಹಿಡಿಯುವ ವಸ್ತುಗಳಿಗೆ ಬಳಸಿದ್ದೇ ಜಾಸ್ತಿ. ಮಾತಿಗೆ, ಹಾಡಿಗೆ, ಹೆಸರಿಗೆ ಯಾರಾದರೂ ಬಳಸುವುದನ್ನು ಕೇಳಿದ್ದೀರಾ? ಇಲ್ಲವೇ ನಿಮ್ಮ ಮನೆಮಾತಿನಲ್ಲಿ ಇದಕ್ಕೆ ಬೇರೆ ಪದ ಆಗಲೇ ಇದೆಯಾ? ಇದ್ದರೆ ದಯವಿಟ್ಟು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.